ರೆಡಿಮೇಡ್ ಡೆಸ್ಕ್‌ಟಾಪ್‌ಗೆ ಕಡಿಮೆ ದುಡ್ಡಿನ ಗ್ರಾಫಿಕ್ಸ್ ಕಾರ್ಡ್: ಮೊದಲು ಡಬ್ಬ ಬಿಚ್ಚಿ, ಆಮೇಲೆ ಅಂಗಡಿಗೆ ಹೊರಡಿ

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಎಸ್‌ಪಿ ರೋಡಿನಿಂದ ಎರಡು ಫ್ಯಾನಿನ ಗ್ರಾಫಿಕ್ಸ್ ಕಾರ್ಡೊಂದನ್ನು ತೊಡೆಯ ಮೇಲಿಟ್ಟುಕೊಂಡು ಬಿಎಂಟಿಸಿ ಬಸ್ಸಿನಲ್ಲಿ ಮನೆಗೆ ತಂದಿದ್ದೆ. ಕಂಪ್ಯೂಟರಿನ ಪಕ್ಕದ ಮುಚ್ಚಳ ತೆಗೆದು ಹಿಡಿದು ನೋಡಿದರೆ ಕಾರ್ಡಿನ ಮೂತಿ ಹಾರ್ಡ್ ಡಿಸ್ಕಿನ ಗೂಡಿಗೆ ಬಡಿಯುತ್ತಿತ್ತು. ಗೂಡನ್ನೇ ಬಿಚ್ಚಿ ಪಕ್ಕಕ್ಕಿಟ್ಟು ಕಾರ್ಡ್ ಕೂರಿಸಿದೆ. ಆಗ ಕಣ್ಣಿಗೆ ಬಿತ್ತು, ಕಾರ್ಡಿನ ನೆತ್ತಿಯ ಮೇಲೆ ಆರು ತೂತಿನ ಪವರ್ ಸಾಕೆಟ್. ನನ್ನ ಪವರ್ ಸಪ್ಲೈಯಿಂದ ಹೊರಟ ವೈರುಗಳಲ್ಲಿ ಅದಕ್ಕೆ ಹೊಂದುವಂಥದ್ದು ಒಂದೂ ಇರಲಿಲ್ಲ. ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ. ತಪ್ಪು ನನ್ನದೇ ಆದ್ದರಿಂದ ಜಗಳ ಆಡುವುದಕ್ಕೂ ಬಾಯಿ ಬರಲಿಲ್ಲ.

ನಾನು ಮಾಡಿದ್ದು ಎಲ್ಲರೂ ಮಾಡುವ ಕೆಲಸವೇ: ಮೊದಲು ಕಾರ್ಡ್ ಮೆಚ್ಚಿಕೊಂಡು ಆಮೇಲೆ ಕಂಪ್ಯೂಟರಿನ ಡಬ್ಬಕ್ಕೆ ಅದನ್ನು ಒಗ್ಗಿಸಲು ಹೊರಟೆ. ಬಿಡಿಭಾಗ ಆರಿಸಿ ಜೋಡಿಸಿದ ಕಂಪ್ಯೂಟರಾದರೆ ಇದು ನಡೆದೀತು. ಡೆಲ್, ಎಚ್‌ಪಿ, ಲೆನೊವೊ ಮುಂತಾದ ಕಂಪನಿಗಳ ರೆಡಿಮೇಡ್ ಡೆಸ್ಕ್‌ಟಾಪುಗಳಲ್ಲಿ ನಡೆಯುವುದಿಲ್ಲ. ಅದರಲ್ಲೂ ಆಫೀಸುಗಳಿಂದ ಹೊರಬಿದ್ದು ರಿಫರ್ಬಿಶ್ಡ್ ಹೆಸರಿನಲ್ಲಿ ಮಾರಾಟವಾಗುವ ಆಪ್ಟಿಪ್ಲೆಕ್ಸ್, ಎಲೀಟ್‌ಡೆಸ್ಕ್, ಥಿಂಕ್‌ಸೆಂಟರ್‌ಗಳಲ್ಲಿ ಜಾಗವೂ ಅಳತೆಯದು, ಕರೆಂಟೂ ಅಳತೆಯದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇವುಗಳಿಗೆ ಅಕ್ಷರಶಃ ಅನ್ವಯಿಸುತ್ತದೆ. ಹಾಗಾಗಿ ಈ ಲೇಖನದಲ್ಲಿ ಕಾರ್ಡುಗಳ ಹೆಸರು ಬರುವುದು ಅರ್ಧ ದಾಟಿದ ಮೇಲೆ. ಅಲ್ಲಿಗೇ ನೇರವಾಗಿ ಹಾರಬೇಡಿ.

ಹಂತ 1: ಕಾರ್ಡ್ ಬೇಕೋ, ರ‍್ಯಾಮ್ ಬೇಕೋ?

ದಾವಣಗೆರೆಯಲ್ಲಿರುವ ನನ್ನ ತಂಗಿಯ ಮಗ ಕಳೆದ ವರ್ಷ ಫೋನ್ ಮಾಡಿ "ಮಾವ, ಜಿಟಿಎ 5 ತಡವರಿಸ್ತಿದೆ, ಯಾವ ಕಾರ್ಡ್ ಹಾಕಲಿ?" ಎಂದ. ಅವನದು ಡೆಲ್ ಆಪ್ಟಿಪ್ಲೆಕ್ಸ್ 7050, ಕೋರ್ ಐ5 7500 ಪ್ರೊಸೆಸರ್, 8 ಜಿಬಿಯ ಒಂದೇ ಒಂದು ರ‍್ಯಾಮ್ ಕಡ್ಡಿ. ಅವನಿಗೆ ಮೊದಲು ಹೇಳಿದ್ದು ಅಂಥದ್ದೇ ಇನ್ನೊಂದು 8 ಜಿಬಿ ಕಡ್ಡಿ ಹಾಕು ಅಂತ.

ಕಾರಣ ಇದೆ. ಪ್ರೊಸೆಸರಿನ ಒಳಗೇ ಇರುವ ಗ್ರಾಫಿಕ್ಸಿಗೆ ಸ್ವಂತ ಮೆಮೊರಿ ಇರುವುದಿಲ್ಲ, ಅದು ರ‍್ಯಾಮಿನಲ್ಲೇ ಪಾಲು ಕೇಳುತ್ತದೆ. ಒಂದು ಕಡ್ಡಿ ಇದ್ದರೆ ದಾರಿ ಒಂದು, ಎರಡಾದರೆ ದಾರಿ ಎರಡು. ಹಗುರ ಗೇಮುಗಳಲ್ಲಿ ಇಷ್ಟರಿಂದಲೇ ಕಣ್ಣಿಗೆ ಕಾಣುವ ವ್ಯತ್ಯಾಸವಾಗುತ್ತದೆ. ಮುಂದೆ ಕಾರ್ಡ್ ಹಾಕಿದರೂ 8 ಜಿಬಿ ಸಾಲುವುದಿಲ್ಲವಾದ್ದರಿಂದ ಈ ಖರ್ಚು ದಂಡವಲ್ಲ. ವಿಂಡೋಸ್ ಇನ್ನೂ ತಿರುಗುವ ಹಾರ್ಡ್ ಡಿಸ್ಕಿನಿಂದಲೇ ಏಳುತ್ತಿದ್ದರೆ ಕಾರ್ಡಿನ ಮಾತನ್ನೇ ಬಿಡಿ, ಮೊದಲು ಎಸ್‌ಎಸ್‌ಡಿ ಹಾಕಿಸಿ.

ಆಮೇಲೆ ಪ್ರೊಸೆಸರ್ ಸೋಲುತ್ತಿದೆಯೋ ಗ್ರಾಫಿಕ್ಸ್ ಸೋಲುತ್ತಿದೆಯೋ ನೋಡಬೇಕು. ನಿಮ್ಮ ಗೇಮಿನ ರೆಸಲ್ಯೂಶನ್ನನ್ನು 1080ಪಿಯಿಂದ 720ಪಿಗೆ ಇಳಿಸಿ. ಫ್ರೇಮುಗಳು, ಅಂದರೆ ಸೆಕೆಂಡಿಗೆ ಪರದೆಯ ಮೇಲೆ ಮೂಡುವ ಚಿತ್ರಗಳು, ಚೆನ್ನಾಗಿ ಏರಿದರೆ ಕೊರತೆ ಇರುವುದು ಗ್ರಾಫಿಕ್ಸಿನಲ್ಲಿ, ಕಾರ್ಡ್ ಹಾಕಿದರೆ ಫಲ ಸಿಗುತ್ತದೆ. ಇಳಿಸಿದರೂ ಅಷ್ಟೇ ಬಂದರೆ ಪ್ರೊಸೆಸರ್ ಏದುಸಿರು ಬಿಡುತ್ತಿದೆ ಎಂದರ್ಥ. ಎಂಥ ಕಾರ್ಡ್ ಹಾಕಿದರೂ ಅದು ಸುಮ್ಮನೆ ಕಾಯುತ್ತಾ ಕೂರುತ್ತದೆ. ನಾಲ್ಕು ಕೋರಿನ ಹಳೆಯ ಐ5ಗಳಲ್ಲಿ ಹೊಸ ಗೇಮುಗಳು ಹೀಗಾಗುವುದು ಮಾಮೂಲು.

ಕೆಲಸಕ್ಕಾಗಿ ಕೊಳ್ಳುವವರೂ ಇಲ್ಲೇ ಒಮ್ಮೆ ನಿಲ್ಲಬೇಕು. ಆಟೋಕ್ಯಾಡಿನಲ್ಲಿ ಎರಡು ಆಯಾಮದ ಪ್ಲಾನ್ ಎಳೆಯುವುದಕ್ಕೆ, ಟ್ಯಾಲಿಗೆ, ಫೋಟೋಶಾಪಿನ ಸಣ್ಣಪುಟ್ಟ ಕೆಲಸಕ್ಕೆ ಕಾರ್ಡಿನ ಅಗತ್ಯ ಬೀಳುವುದೇ ಇಲ್ಲ. ಬ್ಲೆಂಡರಿನಲ್ಲಿ ರೆಂಡರ್ ಮಾಡುವವರಿಗೆ, ಡಾವಿಂಚಿ ರಿಸಾಲ್ವ್‌ನಲ್ಲಿ ವಿಡಿಯೊ ಎಡಿಟ್ ಮಾಡುವವರಿಗೆ ಬೀಳುತ್ತದೆ, ಅವರು ಕಾರ್ಡಿನ ಮೆಮೊರಿಯ ಮೇಲೆ ಹೆಚ್ಚು ಕಣ್ಣಿಡಬೇಕು.

ಹಂತ 2: ಡಬ್ಬದ ಗಾತ್ರ

ಒಂದೇ ಮಾಡೆಲ್ ನಂಬರಿನಲ್ಲಿ ಮೂರು ಗಾತ್ರದ ಡಬ್ಬಗಳು ಬರುತ್ತವೆ. ಆಪ್ಟಿಪ್ಲೆಕ್ಸ್ 7050 ಅಂದರೆ ಮಿನಿ ಟವರ್ ಇರಬಹುದು, ಅದರ ಅರ್ಧ ದಪ್ಪದ ಸ್ಮಾಲ್ ಫಾರ್ಮ್ ಫ್ಯಾಕ್ಟರ್ ಇರಬಹುದು, ಊಟದ ಡಬ್ಬಿಯಷ್ಟಿರುವ ಮೈಕ್ರೋ ಕೂಡ ಇರಬಹುದು. ಮೈಕ್ರೋ, ಟೈನಿ, ಮಿನಿ ಎಂಬ ಹೆಸರಿನ ಪುಟ್ಟ ಡಬ್ಬಗಳಲ್ಲಿ ಸಾಮಾನ್ಯವಾಗಿ ಕಾರ್ಡ್ ಹಾಕುವ ಸ್ಲಾಟೇ ಇರುವುದಿಲ್ಲ. ಅಂಥದ್ದು ನಿಮ್ಮದಾದರೆ ಇಲ್ಲಿಗೆ ಓದುವುದನ್ನು ನಿಲ್ಲಿಸಬಹುದು.

ಉಳಿದವರು ಪ್ಲಗ್ ಕಿತ್ತು, ಮುಚ್ಚಳ ತೆಗೆದು, ಒಂದು ಸ್ಕೇಲ್ ಹಿಡಿದುಕೊಂಡು ಕೂರಿ. ನೋಡಬೇಕಾದ್ದು ಮೂರು.

ಮೊದಲನೆಯದು ಎತ್ತರ. ಡಬ್ಬದ ಹಿಂಭಾಗದಲ್ಲಿ ಸ್ಲಾಟಿಗೆ ಮುಚ್ಚಿರುವ ತಗಡಿನ ಪಟ್ಟಿಯನ್ನು ಅಳೆಯಿರಿ. ಸುಮಾರು 12 ಸೆಂಟಿಮೀಟರ್ ಇದ್ದರೆ ಮಾಮೂಲಿ ಎತ್ತರದ ಕಾರ್ಡ್ ಕೂರುತ್ತದೆ. ಸುಮಾರು 8 ಸೆಂಟಿಮೀಟರ್ ಇದ್ದರೆ ನಿಮಗೆ ಲೋ ಪ್ರೊಫೈಲ್ ಕಾರ್ಡೇ ಆಗಬೇಕು, ಅದರ ಜೊತೆ ಗಿಡ್ಡ ಬ್ರಾಕೆಟ್ಟೂ ಬೇಕು. ಸೆಕೆಂಡ್‌ಹ್ಯಾಂಡ್ ಕಾರ್ಡುಗಳಲ್ಲಿ ಈ ಗಿಡ್ಡ ಬ್ರಾಕೆಟ್ ಕಳೆದುಹೋಗಿರುವುದೇ ಹೆಚ್ಚು. ಕೊಳ್ಳುವ ಮುಂಚೆ ಕೇಳಿ, ಆಮೇಲೆ ಹುಡುಕಿಕೊಂಡು ಅಲೆಯುವುದು ತಲೆನೋವು.

ಎರಡನೆಯದು ದಪ್ಪ. ಹೆಚ್ಚಿನ ಕಾರ್ಡುಗಳು ಎರಡು ಸ್ಲಾಟಿನ ಜಾಗ ತಿನ್ನುತ್ತವೆ. ಉದ್ದನೆಯ ಸ್ಲಾಟಿನ ಪಕ್ಕ, ಕಾರ್ಡಿನ ಫ್ಯಾನ್ ಬರುವ ಕಡೆ, ಏನಿದೆ ನೋಡಿ. ಸಣ್ಣ ಡಬ್ಬಗಳಲ್ಲಿ ಅಲ್ಲೇ ಪವರ್ ಸಪ್ಲೈ ಅಥವಾ ಡಬ್ಬದ ಗೋಡೆ ಅಂಟಿಕೊಂಡಿದ್ದರೆ ಒಂದೇ ಸ್ಲಾಟಿನ ತೆಳು ಕಾರ್ಡಿಗೆ ಮಾತ್ರ ಅವಕಾಶ. ಜಾಗವಿದ್ದರೂ ಫ್ಯಾನಿನ ಮೂಗು ಗೋಡೆಗೆ ತಾಗುವಂತಿದ್ದರೆ ಗಾಳಿ ಎಳೆಯುವುದಾದರೂ ಎಲ್ಲಿಂದ?

ಮೂರನೆಯದು ಉದ್ದ. ಹಿಂದಿನ ತಗಡಿನಿಂದ ಎದುರಿಗೆ ಸಿಗುವ ಮೊದಲ ಅಡ್ಡಿಯವರೆಗೆ ಅಳೆದು, ಒಂದು ಸೆಂಟಿಮೀಟರ್ ಕಳೆದು ಬರೆದಿಟ್ಟುಕೊಳ್ಳಿ. ಅಡ್ಡಿ ಅಂದರೆ ಹಾರ್ಡ್ ಡಿಸ್ಕಿನ ಗೂಡು ಮಾತ್ರವಲ್ಲ, ಮದರ್‌ಬೋರ್ಡಿನಿಂದ ಮೇಲೆ ನಿಂತಿರುವ, ಹಾರ್ಡ್ ಡಿಸ್ಕಿಗೆ ಹೋಗುವ ಸಾಟಾ ವೈರುಗಳೂ ಹೌದು. ಒಂದು ಫ್ಯಾನಿನ ಗಿಡ್ಡ ಕಾರ್ಡುಗಳು 15ರಿಂದ 17 ಸೆಂಟಿಮೀಟರ್ ಇರುತ್ತವೆ, ಎರಡು ಫ್ಯಾನಿನವು 20 ದಾಟುತ್ತವೆ. ಎರಡು ಫ್ಯಾನ್ ಇದ್ದರೆ ಕಾರ್ಡ್ ವೇಗ ಹೆಚ್ಚು ಎಂದೇನೂ ಇಲ್ಲ. 75 ವಾಟಿನ ಕಾರ್ಡಿಗೆ ಒಂದು ಫ್ಯಾನ್ ಧಾರಾಳ.

ಅಷ್ಟರಲ್ಲಿ ಮೊಬೈಲಿನಲ್ಲಿ ಒಳಗಿನ ನಾಲ್ಕು ಫೋಟೋ ತೆಗೆದುಕೊಳ್ಳಿ. ಅಂಗಡಿಯಲ್ಲಿ "ನಿಮ್ದು ಯಾವ ಸಿಸ್ಟಮ್ ಸಾರ್?" ಎಂದು ಕೇಳಿದಾಗ ಬಾಯಲ್ಲಿ ವಿವರಿಸುವುದಕ್ಕಿಂತ ಫೋಟೋ ತೋರಿಸುವುದು ವಾಸಿ.

ಹಂತ 3: ಪವರ್ ಸಪ್ಲೈ ಮೇಲಿನ ಚೀಟಿ

ಇಡೀ ವ್ಯವಹಾರ ನಿಂತಿರುವುದು ಇಲ್ಲಿ. ಪವರ್ ಸಪ್ಲೈ ಡಬ್ಬಿಯ ಮೈಮೇಲೆ ಅಂಟಿಸಿದ ಚೀಟಿ ಓದಿ. ಆಪ್ಟಿಪ್ಲೆಕ್ಸ್ 7050ರ ಮಿನಿ ಟವರಿನಲ್ಲಿ 240 ವಾಟ್ ಎಂದಿರುತ್ತದೆ, ಅದೇ ನಂಬರಿನ ಸಣ್ಣ ಡಬ್ಬದಲ್ಲಿ 180 ವಾಟ್. ಅದಕ್ಕಿಂತ ಹಳೆಯ 9020ರ ಮಿನಿ ಟವರಿನಲ್ಲಿ 290, ಸಣ್ಣದರಲ್ಲಿ 255. "500 ವಾಟ್ ಇಲ್ಲದೆ ಕಾರ್ಡ್ ಹಾಕಬೇಡಿ" ಎಂಬ ಸಲಹೆ ಕೇಳಿದವರಿಗೆ ಈ ಅಂಕಿಗಳನ್ನು ನೋಡಿ ಎದೆ ಧಸಕ್ಕೆನ್ನಬಹುದು. ಹೆದರಬೇಕಾಗಿಲ್ಲ. ಕಾರ್ಡಿನ ಡಬ್ಬದ ಮೇಲೆ ಬರೆಯುವ ದೊಡ್ಡ ಸಂಖ್ಯೆ, ಯಾವುದೋ ಅಗ್ಗದ ಪವರ್ ಸಪ್ಲೈ ಬಳಸುವವನನ್ನೂ ಲೆಕ್ಕಕ್ಕೆ ಹಿಡಿದು ಹಾಕಿದ್ದು. ಆಫೀಸು ಡೆಸ್ಕ್‌ಟಾಪುಗಳ ಪವರ್ ಸಪ್ಲೈಗಳು ಚೀಟಿಯಲ್ಲಿ ಬರೆದಷ್ಟನ್ನು ಸಾಮಾನ್ಯವಾಗಿ ಕೊಡುತ್ತವೆ.

ನಾವೇ ಲೆಕ್ಕ ಹಾಕೋಣ. ಐ5 7500ಕ್ಕೆ 65 ವಾಟ್. ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಹಾರ್ಡ್ ಡಿಸ್ಕ್, ಫ್ಯಾನು, ಯುಎಸ್‌ಬಿಗೆ ಸಿಕ್ಕಿಸಿದ ಸಾಮಾನು ಎಲ್ಲ ಸೇರಿ ಕೈಬಿಚ್ಚಿ 45 ಎನ್ನಿ. 110 ಆಯಿತು. ಅದಕ್ಕೆ 75 ವಾಟಿನ ಕಾರ್ಡ್ ಸೇರಿಸಿದರೆ 185. 240ರ ಪವರ್ ಸಪ್ಲೈಗೆ ಇದು ನಿರಾಳ. ಆದರೆ 180ರ ಸಣ್ಣ ಡಬ್ಬದಲ್ಲಿ ಅದೇ ಕಾರ್ಡ್ ಅಂಚನ್ನೇ ದಾಟಿಬಿಡುತ್ತದೆ. ಅಲ್ಲಿ 50 ವಾಟಿನ ಆಸುಪಾಸಿನ ಕಾರ್ಡೇ ಕ್ಷೇಮ. ಚೀಟಿಯಲ್ಲಿ 12 ವೋಲ್ಟಿನ ಸಾಲು ಎರಡು ಮೂರು ಇರಬಹುದು, ಒಂದೊಂದರ ಆಂಪಿಯರನ್ನೂ ಕೂಡಿಸಿಬಿಡಬೇಡಿ; ಎಲ್ಲ ಸೇರಿ ಗರಿಷ್ಠ ಎಷ್ಟು ಎಂದು ಕೆಳಗೆ ಬರೆದ ಅಂಕಿಯೇ ನಿಜ.

75ರ ಗುಟ್ಟೇನು? ಬೋರ್ಡಿನ ಉದ್ದನೆಯ ಪಿಸಿಐಇ ಸ್ಲಾಟ್ ತನ್ನಷ್ಟಕ್ಕೆ ಕಾರ್ಡಿಗೆ ಕೊಡಬಲ್ಲ ಗರಿಷ್ಠ ಕರೆಂಟ್ 75 ವಾಟ್. ಅದಕ್ಕಿಂತ ಹೆಚ್ಚು ಬೇಕಾದ ಕಾರ್ಡುಗಳಿಗೆ ಪವರ್ ಸಪ್ಲೈಯಿಂದ ಬೇರೆ ವೈರು ಎಳೆಯಬೇಕು: 6 ಪಿನ್ನಿನದಾದರೆ ಇನ್ನೂ 75, 8 ಪಿನ್ನಿನದಾದರೆ 150. ಆಫೀಸು ಡೆಸ್ಕ್‌ಟಾಪುಗಳಲ್ಲಿ ಈ ವೈರುಗಳು ಸಾಮಾನ್ಯವಾಗಿ ಇರುವುದಿಲ್ಲ. ಹಾಗಾಗಿ ನಮ್ಮ ಹುಡುಕಾಟವೆಲ್ಲ 75 ವಾಟಿನ ಒಳಗೆ, ತಲೆಯ ಮೇಲೆ ಸಾಕೆಟ್ ಇಲ್ಲದ ಕಾರ್ಡುಗಳಲ್ಲಿ.

ಇಲ್ಲೊಂದು ಅಡ್ಡದಾರಿಯ ಆಮಿಷ ಕಾದಿರುತ್ತದೆ. ಹಾರ್ಡ್ ಡಿಸ್ಕಿಗೆ ಹೋಗುವ ಸಾಟಾ ಪವರ್ ವೈರನ್ನು 6 ಪಿನ್ನಿಗೆ ಬದಲಿಸುವ ಅಡಾಪ್ಟರ್ ನೂರಿನ್ನೂರು ರೂಪಾಯಿಗೆ ಸಿಗುತ್ತದೆ, ಅಂಗಡಿಯವರೂ "ಎಲ್ಲರೂ ಇದನ್ನೇ ಹಾಕ್ತಾರೆ" ಎನ್ನುತ್ತಾರೆ. ಸಾಟಾ ಪ್ಲಗ್ಗಿನಲ್ಲಿ 12 ವೋಲ್ಟಿನ ಪಿನ್ನುಗಳು ಮೂರು, ಒಂದೊಂದಕ್ಕೆ 1.5 ಆಂಪಿಯರ್. ಗುಣಿಸಿದರೆ 54 ವಾಟ್. ಕಾರ್ಡ್ ಕೇಳುವುದು 75ರವರೆಗೆ. ಮಿಕ್ಕ 21 ವಾಟಿನ ಭಾರ ಆ ಪ್ಲಾಸ್ಟಿಕ್ ಪ್ಲಗ್ಗಿನ ಮೇಲೆ ಬಿಸಿಯಾಗಿ ಬೀಳುತ್ತದೆ. ಕಂದುಬಣ್ಣಕ್ಕೆ ತಿರುಗಿ ಒಂದು ಬದಿ ಕರಗಿಹೋದ ಇಂಥ ಪ್ಲಗ್ಗೊಂದನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಈ ಅಡಾಪ್ಟರಿಗೆ ಮಾತ್ರ ಕೈ ಹಾಕಬೇಡಿ.

ಹಾಗಾದರೆ ಪವರ್ ಸಪ್ಲೈಯನ್ನೇ ಬದಲಿಸಿದರೆ? ಆಗಬಹುದು, ಆದರೆ ಎಲ್ಲದರಲ್ಲೂ ಅಲ್ಲ. ಬೋರ್ಡಿಗೆ ಹೋಗುವ ದೊಡ್ಡ ಪ್ಲಗ್ಗಿನಲ್ಲಿ 24 ಪಿನ್ನು ಇದ್ದು, ಡಬ್ಬಿಯ ಆಕಾರವೂ ಮಾಮೂಲಿ ಎಟಿಎಕ್ಸ್ ಆಗಿದ್ದರೆ ಅದೃಷ್ಟವಂತರು. ಬಹಳಷ್ಟು ಆಫೀಸು ಮಾಡೆಲ್‌ಗಳಲ್ಲಿ 6, 8 ಅಥವಾ 10 ಪಿನ್ನಿನ ಕಂಪನಿಯ ಸ್ವಂತ ಪ್ಲಗ್ ಇರುತ್ತದೆ; ಆಯಾ ಮಾಡೆಲ್ಲಿಗೆ ಹೊಂದುವ ಪರಿವರ್ತಕ ವೈರು ತರಿಸಿಕೊಳ್ಳಬೇಕು. ಸಣ್ಣ ಡಬ್ಬದಲ್ಲಿ ಎಟಿಎಕ್ಸ್ ಪವರ್ ಸಪ್ಲೈ ಹಿಡಿಸುವುದೇ ಇಲ್ಲ. ಹೊಸ ಪವರ್ ಸಪ್ಲೈ, ವೈರು, ದೊಡ್ಡ ಕಾರ್ಡ್ ಈ ಮೂರರ ಬೆಲೆ ಕೂಡಿಸಿ, ಆ ಮೊತ್ತ ನೀವು ಡೆಸ್ಕ್‌ಟಾಪಿಗೆ ಕೊಟ್ಟ ಬೆಲೆಯ ಎರಡು ಪಟ್ಟು ದಾಟಿದರೆ ನಾನಂತೂ ಆ ದಾರಿ ಬಿಡುತ್ತೇನೆ. ಅಷ್ಟು ದುಡ್ಡಿಗೆ ಹೊಸದಾಗಿ ಜೋಡಿಸುವ ಕಂಪ್ಯೂಟರಿನ ಅಡಿಪಾಯ ಹಾಕಬಹುದು.

ಇನ್ನೊಂದು ಮಾತು. ಮನೆಯಲ್ಲಿ 600 ವಿಎ ಯುಪಿಎಸ್ ಇದ್ದರೆ ಅದರ ನಿಜವಾದ ತಾಕತ್ತು ಸಾಮಾನ್ಯವಾಗಿ 360 ವಾಟ್. ಮಾನಿಟರ್ ಸೇರಿ ನಮ್ಮ ಹೊಸ ಲೆಕ್ಕ ಅದರೊಳಗೇ ನಿಲ್ಲುತ್ತದೆ, ಆದರೆ ಕರೆಂಟು ಹೋದಾಗ ಸಿಗುತ್ತಿದ್ದ ಹದಿನೈದು ನಿಮಿಷ ಐದಕ್ಕಿಳಿಯಬಹುದು. ಯುಪಿಎಸ್ ಕೆಟ್ಟಿತು ಎಂದುಕೊಳ್ಳಬೇಡಿ.

ಹಂತ 4: ಬೋರ್ಡಿನ ವಯಸ್ಸು

ಇಂಟೆಲ್ ಮೂರನೇ ತಲೆಮಾರಿನಿಂದ ಹತ್ತನೆಯದರವರೆಗೆ (ಐ5 7500 ಎಂದರೆ ಏಳನೇ ತಲೆಮಾರು) ಪ್ರೊಸೆಸರಿನಿಂದ ಕಾರ್ಡಿಗೆ ಹೋಗುವ ದಾರಿ ಸಾಮಾನ್ಯವಾಗಿ ಪಿಸಿಐಇ 3.0. ಹನ್ನೊಂದನೆಯದರಿಂದ 4.0 ಅಥವಾ ಅದಕ್ಕಿಂತ ಹೊಸದು. ಹೊಸ ಕಾರ್ಡ್ ಹಳೆಯ ಸ್ಲಾಟಿನಲ್ಲಿ ಕೆಲಸ ಮಾಡುತ್ತದೆ, ಅದರಲ್ಲಿ ಅನುಮಾನ ಬೇಡ. ಆದರೆ ಕೆಲವು ಅಗ್ಗದ ಕಾರ್ಡುಗಳು ಹದಿನಾರು ಲೇನಿನ, ಅಂದರೆ ಡೇಟಾ ಓಡುವ ಹದಿನಾರು ದಾರಿಗಳ, ಸ್ಲಾಟಿನಲ್ಲಿ ಕೂತು ನಾಲ್ಕೇ ಲೇನ್ ಬಳಸುತ್ತವೆ. 4.0ರಲ್ಲಿ ಆ ನಾಲ್ಕು ಲೇನಿಗೆ ಸೆಕೆಂಡಿಗೆ ಸುಮಾರು 8 ಜಿಬಿ ಸಾಗುತ್ತದೆ, 3.0ರಲ್ಲಿ ಅದರ ಅರ್ಧ. ಕಾರ್ಡಿನ ಮೆಮೊರಿ ತುಂಬಿ ರ‍್ಯಾಮಿನಿಂದ ತರಿಸಿಕೊಳ್ಳುವ ಹೊತ್ತಿಗೆ ಈ ಅರ್ಧದ ನೋವು ಗೊತ್ತಾಗುತ್ತದೆ: ಗೇಮ್ ಓಡುತ್ತಿದ್ದದ್ದು ಗಕ್ಕನೆ ನಿಂತು ಮತ್ತೆ ಓಡುತ್ತದೆ.

ಕಾರ್ಡ್ ತರುವ ಮೊದಲು, ಹಳೆಯ ಗ್ರಾಫಿಕ್ಸ್ ಕೆಲಸ ಮಾಡುತ್ತಿರುವಾಗಲೇ, ಬಯೋಸ್ (ಸ್ವಿಚ್ ಹಾಕಿದಾಗ ಮೊದಲು ಏಳುವ, ಬೋರ್ಡಿನೊಳಗಿನ ತಂತ್ರಾಂಶ) ಅಪ್‌ಡೇಟ್ ಮಾಡಿಬಿಡಿ. ಡೆಲ್ ಆದರೆ ಡಬ್ಬದ ಮೇಲಿನ ಏಳು ಅಕ್ಷರದ ಸರ್ವಿಸ್ ಟ್ಯಾಗ್, ಉಳಿದವಕ್ಕೆ ಸೀರಿಯಲ್ ನಂಬರ್ ಕೊಟ್ಟರೆ ಕಂಪನಿಯ ಸಪೋರ್ಟ್ ಪುಟದಲ್ಲಿ ಸಿಗುತ್ತದೆ. ಯುಪಿಎಸ್ ಇಲ್ಲದ ಮನೆಯಲ್ಲಿ ಮಳೆಗಾಲದ ಸಂಜೆ ಈ ಕೆಲಸಕ್ಕೆ ಕೂರಬೇಡಿ.

ಆರು, ಏಳನೇ ತಲೆಮಾರಿನವರು ಇನ್ನೊಂದನ್ನೂ ಯೋಚಿಸಬೇಕು. ಅಂಥ ಪ್ರೊಸೆಸರುಗಳಲ್ಲಿ ಹೆಚ್ಚಿನವು ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ, ವಿಂಡೋಸ್ 10ರ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆದ್ದರಿಂದ ನಾಳೆ ಇನ್ನೊಂದು ಡಬ್ಬಕ್ಕೆ ಹೊತ್ತೊಯ್ಯಬಹುದಾದ ಕಾರ್ಡ್ ತೆಗೆದುಕೊಳ್ಳುವುದು ಜಾಣತನ.

ಹಂತ 5: ಮಾನಿಟರಿನ ಬೆನ್ನು

ಹಳೆಯ ಮಾನಿಟರಿಗೆ ನೀಲಿ ಬಣ್ಣದ ವಿಜಿಎ ಮಾತ್ರ ಇದ್ದರೆ, ಈಗಿನ ಕಾರ್ಡುಗಳಲ್ಲಿ ಅದು ಸಿಗುವುದಿಲ್ಲ. ಎಚ್‌ಡಿಎಂಐ ಅಥವಾ ಡಿಸ್‌ಪ್ಲೇಪೋರ್ಟಿನಿಂದ ವಿಜಿಎಗೆ ಬದಲಿಸುವ ಆಕ್ಟಿವ್ ಅಡಾಪ್ಟರ್ ಬೇಕು. 1366×768ರ ಮಾನಿಟರ್ ಇಟ್ಟುಕೊಂಡವರು ದೊಡ್ಡ ಕಾರ್ಡಿನ ಆಸೆ ಬಿಟ್ಟು ಉಳಿದ ದುಡ್ಡಲ್ಲಿ ಮಾನಿಟರ್ ಬದಲಿಸುವುದೇ ಹೆಚ್ಚು ಸುಖ ಕೊಟ್ಟೀತು.

ಹಂತ 6: ಈಗ ಕಾರ್ಡುಗಳು

ಮೊದಲು ದುಡ್ಡು ದಂಡ ಮಾಡುವವು. ಜಿಟಿ 710, ಜಿಟಿ 730 ಇನ್ನೂ ಹೊಸ ಡಬ್ಬದಲ್ಲಿ ಮಾರಾಟವಾಗುತ್ತವೆ. ಇವು ಎನ್‌ವಿಡಿಯಾದ ಹಳೆಯ ಕೆಪ್ಲರ್ ಪೀಳಿಗೆಯ ಕಾಲದವು. ನಿಮ್ಮ ಪ್ರೊಸೆಸರಿನೊಳಗಿನ ಗ್ರಾಫಿಕ್ಸಿಗಿಂತ ಹೆಚ್ಚೇನೂ ಮಾಡಲಾರವು. ಜಿಟಿ 1030ರದು ಇನ್ನೂ ನಾಜೂಕಾದ ಮೋಸ. ಅದೇ ಹೆಸರಿನಲ್ಲಿ ಎರಡು ಬಗೆ ಇವೆ: 2017ರಲ್ಲಿ ಬಂದ ಜಿಡಿಡಿಆರ್5 ಮೆಮೊರಿಯದು ಸೆಕೆಂಡಿಗೆ 48 ಜಿಬಿ ಸಾಗಿಸುತ್ತದೆ, ಮರುವರ್ಷ ಬಂದ ಡಿಡಿಆರ್4 ಮೆಮೊರಿಯದು 16.8 ಮಾತ್ರ. ಹೊರಗಿನಿಂದ ಎರಡೂ ಒಂದೇ ಥರ. ಡಬ್ಬದ ಮೇಲಿನ ಸಣ್ಣ ಅಕ್ಷರ ಓದದಿದ್ದರೆ ಮೂರನೇ ಒಂದು ಪಾಲಿನ ಮೆಮೊರಿ ವೇಗಕ್ಕೆ ದುಡ್ಡು ಕೊಟ್ಟುಬರುತ್ತೀರಿ.

ಜಿಟಿಎಕ್ಸ್ 1050 ಟಿಐ ಬಹಳ ವರ್ಷ ಇಂಥ ಡಬ್ಬಗಳ ಕುಲದೈವವಾಗಿತ್ತು. 2016ರ ಕಾರ್ಡ್, 75 ವಾಟ್, 4 ಜಿಬಿ. ತುಂಬ ಅಗ್ಗಕ್ಕೆ ಸಿಕ್ಕರೆ ಹಳೆಯ ಗೇಮುಗಳಿಗೆ ಇವತ್ತಿಗೂ ನಡೆದೀತು. ಆದರೆ ಆ ಪ್ಯಾಸ್ಕಲ್ ಪೀಳಿಗೆಗೆ ಎನ್‌ವಿಡಿಯಾ 2025ರ ಅಕ್ಟೋಬರಿನೊಂದಿಗೆ ಗೇಮ್ ಡ್ರೈವರುಗಳನ್ನು ನಿಲ್ಲಿಸಿದೆ, ಇನ್ನು ಭದ್ರತಾ ಅಪ್‌ಡೇಟ್ ಮಾತ್ರ, ಅದೂ 2028ರವರೆಗೆ. ಇದನ್ನು ಹೇಳಿ ಬೆಲೆ ಇಳಿಸಿ.

2019ರ ಜಿಟಿಎಕ್ಸ್ 1650 ಅದಕ್ಕಿಂತ ಒಂದು ಮೆಟ್ಟಿಲು ಮೇಲೆ. 75 ವಾಟ್, 4 ಜಿಬಿ, ಲೋ ಪ್ರೊಫೈಲಿನಲ್ಲೂ ಬಂದಿದೆ. ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಯಲ್ಲಿ ಧಾರಾಳ. ಒಂದೇ ಎಚ್ಚರಿಕೆ: ಕಾರ್ಖಾನೆಯಲ್ಲೇ ವೇಗ ಏರಿಸಿದ ಕೆಲವು 1650ಗಳಿಗೆ 6 ಪಿನ್ನಿನ ಸಾಕೆಟ್ ಇರುತ್ತದೆ, 1650 ಸೂಪರಿಗೆ ಇದ್ದೇ ಇರುತ್ತದೆ. ಫೋಟೋದಲ್ಲಿ ಕಾರ್ಡಿನ ನೆತ್ತಿ ಕಾಣುವಂತೆ ತೋರಿಸಲು ಮಾರುವವರಿಗೆ ಹೇಳಿ. ನನ್ನ ಬಸ್ಸಿನ ಪ್ರಯಾಣ ನೆನಪಿರಲಿ.

ಎಎಂಡಿಯ ಆರ್‌ಎಕ್ಸ್ 6400 ಕಾಗದದ ಮೇಲೆ ಸಣ್ಣ ಡಬ್ಬಕ್ಕೆಂದೇ ಹುಟ್ಟಿದಂತಿದೆ: 53 ವಾಟ್, ಒಂದೇ ಸ್ಲಾಟಿನ ಲೋ ಪ್ರೊಫೈಲಿನಲ್ಲೂ ಸಿಗುತ್ತದೆ. ಮೇಲೆ ಹೇಳಿದ ನಾಲ್ಕು ಲೇನಿನ ಕಾರ್ಡ್ ಇದೇ. ಜೊತೆಗೆ ವಿಡಿಯೊವನ್ನು ಎನ್‌ಕೋಡ್ ಮಾಡುವ, ಅಂದರೆ ಕುಗ್ಗಿಸಿ ಫೈಲಾಗಿಸುವ, ಯಂತ್ರಾಂಗವನ್ನೇ ಇದರಿಂದ ತೆಗೆದುಹಾಕಿದ್ದಾರೆ. ಗೇಮ್ ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕುವವರಿಗೆ ಇದು ಬೇಡ. 180 ವಾಟಿನ ಸಣ್ಣ ಡಬ್ಬ, ಬರೀ ಆಟ, ಅಷ್ಟೇ ಎಂಬವರಿಗೆ ಸರಿ.

ಅದೇ ಜಾಗಕ್ಕೆ ನಾನು ಹುಡುಕುವುದು ಎನ್‌ವಿಡಿಯಾದ ಟಿ1000. ವರ್ಕ್‌ಸ್ಟೇಷನ್ ಕಾರ್ಡ್, 50 ವಾಟ್, ಒಂದೇ ಸ್ಲಾಟ್, ಲೋ ಪ್ರೊಫೈಲ್, 1650ರಷ್ಟೇ ಕೋರುಗಳು. 4 ಮತ್ತು 8 ಜಿಬಿ ಎರಡರಲ್ಲೂ ಬಂದಿದೆ. ಗೇಮರುಗಳ ಕಣ್ಣಿಗೆ ಬೀಳದ್ದರಿಂದ ಆಫೀಸುಗಳ ಹಳೆ ಸಾಮಾನಿನ ಜೊತೆ ಒಮ್ಮೊಮ್ಮೆ ಒಳ್ಳೆ ಬೆಲೆಗೆ ಸಿಗುತ್ತದೆ. ಅದರ ತೂತುಗಳೆಲ್ಲ ಮಿನಿ ಡಿಸ್‌ಪ್ಲೇಪೋರ್ಟ್, ವೈರಿಗೆ ಬೇರೆ ದುಡ್ಡು ಎತ್ತಿಡಿ.

ಇಂಟೆಲಿನ ಆರ್ಕ್ ಎ380 ಕಾರ್ಡಿನಲ್ಲಿ 6 ಜಿಬಿ ಮೆಮೊರಿ ಇದೆ, ಎವಿ1 ಎಂಬ ಹೊಸ ಮಾದರಿಯ ವಿಡಿಯೊವನ್ನು ಯಂತ್ರಾಂಗದಲ್ಲೇ ಎನ್‌ಕೋಡ್ ಮಾಡುತ್ತದೆ. ಎಡಿಟಿಂಗ್ ಮಾಡುವವರಿಗೆ ಬಾಯಲ್ಲಿ ನೀರೂರಿಸುವ ಕಾರ್ಡ್. ಆದರೆ ಬಯೋಸಿನಲ್ಲಿ ರೀಸೈಜಬಲ್ ಬಾರ್ ಎಂಬ (ಕಾರ್ಡಿನ ಮೆಮೊರಿಯನ್ನೆಲ್ಲ ಪ್ರೊಸೆಸರ್ ಒಮ್ಮೆಗೇ ಮುಟ್ಟಲು ಬಿಡುವ) ಆಯ್ಕೆ ಇಲ್ಲದ ಬೋರ್ಡಿನಲ್ಲಿ ಇದರ ವೇಗ ತೀರಾ ಕುಸಿಯುತ್ತದೆ. ಹತ್ತನೇ ತಲೆಮಾರು ಅಥವಾ ಅದಕ್ಕಿಂತ ಹೊಸದಿದ್ದರೆ ಮಾತ್ರ ಯೋಚಿಸಿ, ಬಯೋಸಿನಲ್ಲಿ ಆ ಆಯ್ಕೆ ಕಣ್ಣಾರೆ ಕಂಡ ಮೇಲೆ ಕೊಳ್ಳಿ. ಎ380ಗಳಲ್ಲಿ ಹಲವಕ್ಕೆ 8 ಪಿನ್ನಿನ ಸಾಕೆಟ್ ಇರುತ್ತದೆ ಎಂಬುದೂ ಗಮನದಲ್ಲಿರಲಿ.

ಟವರ್ ಇದ್ದವರಿಗೆ, ಹೊಸದನ್ನೇ ಕೊಳ್ಳುವವರಿಗೆ ನನ್ನ ಉತ್ತರ ಆರ್‌ಟಿಎಕ್ಸ್ 3050ರ 6 ಜಿಬಿ ಮಾದರಿ. ಹೆಸರಿನಲ್ಲಿ ಇಲ್ಲೂ ಗೊಂದಲವಿದೆ. 2022ರಲ್ಲಿ ಬಂದ 8 ಜಿಬಿಯ 3050ಕ್ಕೆ 2560 ಕೋರು, 130 ವಾಟ್, ಬೇರೆ ಪವರ್ ವೈರು ಬೇಕು. 2024ರ ಫೆಬ್ರವರಿಯಲ್ಲಿ ಬಂದ 6 ಜಿಬಿಯದಕ್ಕೆ 2304 ಕೋರು, 70 ವಾಟ್, ಹೆಚ್ಚಿನವಕ್ಕೆ ಬೇರೆ ವೈರು ಬೇಡ. ಗೇಮರುಗಳೆಲ್ಲ ಎರಡನೆಯದನ್ನು "ಕುಂಟು 3050" ಎಂದು ಬೈದರು. ನಮ್ಮಂಥ 240 ವಾಟಿನವರಿಗೆ ಮಾತ್ರ ಆ ಕುಂಟ ಕುದುರೆಯೇ ಗಾಡಿಗೆ ಹೊಂದುವ ಕುದುರೆ. ಇದು ಎಂಟು ಲೇನ್ ಬಳಸುತ್ತದೆ, ಕಡಿಮೆ ರೆಸಲ್ಯೂಶನ್ನಿನ ಚಿತ್ರವನ್ನು ಹಿಗ್ಗಿಸಿ ಫ್ರೇಮು ಏರಿಸುವ ಡಿಎಲ್‌ಎಸ್‌ಎಸ್ ಇದೆ, ಬ್ಲೆಂಡರಿನಲ್ಲಿ ರೆಂಡರಿಗೆ ವೇಗ ಕೊಡುವ ಆಪ್ಟಿಕ್ಸ್ ನಡೆಯುತ್ತದೆ, ರೆಕಾರ್ಡಿಂಗಿಗೆ ಎನ್‌ಕೋಡರ್ ಇದೆ. ಲೋ ಪ್ರೊಫೈಲಿನಲ್ಲೂ ಸಿಗುತ್ತದೆ, ಆದರೆ ಹೆಚ್ಚಿನವು ಎರಡು ಸ್ಲಾಟಿನ ದಪ್ಪ. ದಾವಣಗೆರೆಯ ಹುಡುಗ ಕೊನೆಗೆ ಹಾಕಿಸಿಕೊಂಡದ್ದು ಇದನ್ನೇ, ಒಂದು ಫ್ಯಾನಿನದು.

ಆರ್‌ಎಕ್ಸ್ 6600? ಒಳ್ಳೆಯ ಕಾರ್ಡ್, 8 ಜಿಬಿ, ಆದರೆ 132 ವಾಟ್. ಪವರ್ ಸಪ್ಲೈ ಬದಲಿಸಿದವರಿಗೆ ಮಾತ್ರ.

ಹಂತ 7: ಸೆಕೆಂಡ್‌ಹ್ಯಾಂಡ್ ಆದರೆ

ಕಾರ್ಡ್ ಓಡುತ್ತಿರುವುದನ್ನು ನೋಡದೆ ದುಡ್ಡು ಕೊಡಬೇಡಿ. ಪೆನ್‌ಡ್ರೈವಿನಲ್ಲಿ ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡು ಹೋಗಿ. ಹಳೆಯ ಜಿಟಿಎಕ್ಸ್ 550 ಟಿಐನಂಥ ಕಾರ್ಡಿಗೆ ಬಯೋಸ್ ಬದಲಿಸಿ 1050 ಟಿಐ ಎಂದು ಮಾರುವ ದಂಧೆ ಹಳೆಯದು. ವಿಂಡೋಸ್ ಅದನ್ನು ನಂಬಿ 1050 ಟಿಐ ಎಂದೇ ತೋರಿಸುತ್ತದೆ, ಜಿಪಿಯು-ಝಡ್ ಇಂಥವುಗಳ ಹೆಸರಿನ ಹಿಂದೆ ನಕಲಿ ಎಂದು ಮುದ್ರೆ ಒತ್ತುತ್ತದೆ. ಕಣ್ಣಿಗೇ ಕಾಣುವ ಗುರುತೂ ಒಂದಿದೆ. 1050 ಟಿಐ ಎನ್ನುವ ಕಾರ್ಡಿನ ಹಿಂದೆ ವಿಜಿಎ ತೂತು ಕಂಡರೆ ಅನುಮಾನಿಸಿ, ಆ ಪೀಳಿಗೆಯ ಚಿಪ್ಪಿಗೆ ಅನಲಾಗ್ ಔಟ್‌ಪುಟ್ಟೇ ಇಲ್ಲ. "ಆರ್‌ಎಕ್ಸ್ 580" ಎಂದು ಮಾರುವವುಗಳಲ್ಲಿ ಎಷ್ಟೋ 2048 ಕೋರಿನವು, ನಿಜವಾದ 580ಕ್ಕೆ 2304 ಇರಬೇಕು. ಅದೂ ಜಿಪಿಯು-ಝಡ್‌ನಲ್ಲೇ ಕಾಣುತ್ತದೆ.

ಆಮೇಲೆ ಕಾರ್ಡನ್ನು ಪೂರ್ತಿ ದುಡಿಸಿ ಪರೀಕ್ಷಿಸುವ ಫರ್‌ಮಾರ್ಕ್ ತಂತ್ರಾಂಶ ಹಚ್ಚಿ ಹತ್ತು ನಿಮಿಷ ಬಿಡಿ. ಉಷ್ಣತೆ ಏರುತ್ತ ಹೋಗಿ ಒಂದು ಕಡೆ ನಿಲ್ಲಬೇಕು. 85 ಡಿಗ್ರಿ ದಾಟಿಯೂ ನಿಲ್ಲದಿದ್ದರೆ, ಪರದೆಯ ಮೇಲೆ ಬಣ್ಣದ ಚುಕ್ಕಿ, ಗೆರೆ ಮಿನುಗಿದರೆ ಕೈ ಮುಗಿದು ಎದ್ದುಬನ್ನಿ. ಕಾರ್ಡ್ ಮೂಗಿನ ಹತ್ತಿರ ಹಿಡಿದು ನೋಡಿ, ಸುಟ್ಟ ವಾಸನೆ ಅಡಗುವುದಿಲ್ಲ. ಸ್ಕ್ರೂಗಳ ತಲೆ ಸವೆದಿದ್ದರೆ ಯಾರೋ ಬಿಚ್ಚಿದ್ದಾರೆ. ಚಿಪ್ಪಿನ ಬಿಸಿ ಸಾಗಿಸುವ ಪೇಸ್ಟ್ ಬದಲಿಸಲು ಬಿಚ್ಚಿದ್ದರೆ ತಪ್ಪಲ್ಲ, ಕೇಳಿ ತಿಳಿದುಕೊಳ್ಳಿ. ಬಿಲ್ ಇದ್ದರೆ ಸೀರಿಯಲ್ ನಂಬರಿಗೆ ಹೊಂದುತ್ತದೆಯೇ ನೋಡಿ, ವಾರಂಟಿ ನಡೆಯುವುದು ಆ ನಂಬರಿನ ಮೇಲೆ. ಆನ್‌ಲೈನಿನಲ್ಲಿ ತರಿಸಿದರೆ ಡಬ್ಬ ಒಡೆಯುವುದನ್ನು ಮೊದಲಿನಿಂದ ಕೊನೆವರೆಗೆ ವಿಡಿಯೊ ಮಾಡಿ.

ಹಂತ 8: ಕೂರಿಸುವುದು

ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡು ಒತ್ತಿ ಹಿಡಿದು ಉಳಿದ ಕರೆಂಟು ಇಳಿಸಿ. ಡಬ್ಬದ ಬರಿ ಲೋಹ ಒಮ್ಮೆ ಮುಟ್ಟಿ. ಹೇಗೂ ಬಿಚ್ಚಿದ್ದೀರಿ, ವರ್ಷಗಟ್ಟಲೆಯ ಧೂಳು ಬ್ರಷ್ ಹಾಕಿ ತೆಗೆಯಿರಿ, ಫ್ಯಾನ್ ತಿರುಗದಂತೆ ಬೆರಳಿಂದ ಹಿಡಿದುಕೊಂಡು. ಹಿಂದಿನ ತಗಡಿನ ಪಟ್ಟಿ ತೆಗೆದು ಜೋಪಾನವಾಗಿಡಿ. ಉದ್ದನೆಯ ಸ್ಲಾಟಿನ ತುದಿಯ ಕೊಕ್ಕೆ ತೆರೆದು, ಕಾರ್ಡನ್ನು ನೇರವಾಗಿ ಹಿಡಿದು ಎರಡೂ ಕಡೆ ಸಮನಾಗಿ ಒತ್ತಿ. ಕಟಕ್ಕೆಂದು ಕೊಕ್ಕೆ ಮುಚ್ಚಬೇಕು. ಚಿನ್ನದ ಬಣ್ಣದ ಹಲ್ಲುಗಳು ಒಂದು ಕಡೆ ಇಣುಕುತ್ತಿದ್ದರೆ ಇನ್ನೂ ಕೂತಿಲ್ಲ ಎಂದರ್ಥ. ಸ್ಕ್ರೂ ಅಥವಾ ಡಬ್ಬದ ಬೀಗದ ಕೊಕ್ಕೆ ಹಾಕಿ ಬಿಗಿಮಾಡಿ.

ಡ್ರೈವರನ್ನು ಕಾರ್ಡಿನ ಚಿಪ್ ತಯಾರಿಸಿದ ಕಂಪನಿಯ ಪುಟದಿಂದಲೇ ಇಳಿಸಿಕೊಳ್ಳಿ. ಮೊದಲ ದಿನ ಒಂದು ಗಂಟೆ ಆಡಿ ಉಷ್ಣತೆ ನೋಡಿ, ಆಮೇಲೆ ಮುಚ್ಚಳ ಹಾಕಿ ಇನ್ನೊಮ್ಮೆ ನೋಡಿ. ಎರಡರ ನಡುವೆ ಹತ್ತು ಡಿಗ್ರಿಗಿಂತ ಹೆಚ್ಚು ಅಂತರ ಬಂದರೆ ಡಬ್ಬದೊಳಗೆ ಗಾಳಿ ಆಡುತ್ತಿಲ್ಲ. ಬೆಂಗಳೂರಿನ ಡಿಸೆಂಬರಿನಲ್ಲಿ ಸರಿ ಕಂಡದ್ದು ಕಲಬುರಗಿಯ ಏಪ್ರಿಲಿನಲ್ಲಿ ಸರಿ ಇರಬೇಕೆಂದಿಲ್ಲ.

ಇಷ್ಟೆಲ್ಲ ಆಗಿ ಸ್ವಿಚ್ ಹಾಕಿದರೆ ಪರದೆ ಕಪ್ಪಗೆ ಕೂತಿತೇ? ದಾವಣಗೆರೆಯಿಂದ ರಾತ್ರಿ ಹತ್ತೂವರೆಗೆ ನನಗೆ ಬಂದದ್ದು ಇದೇ ಫೋನು. "ಮಾವ, ಫ್ಯಾನ್ ತಿರುಗ್ತಿದೆ, ಡಿಸ್‌ಪ್ಲೇ ಇಲ್ಲ, ಕಾರ್ಡ್ ಸತ್ತಿದೆ." ವಿಡಿಯೊ ಕಾಲಿನಲ್ಲಿ ಡಬ್ಬದ ಹಿಂಭಾಗ ತೋರಿಸು ಎಂದೆ. ಮಾನಿಟರಿನ ವೈರು ಮೊದಲಿದ್ದ ಬೋರ್ಡಿನ ತೂತಿನಲ್ಲೇ ಇತ್ತು. ಕಿತ್ತು ನಾಲ್ಕು ಬೆರಳು ಕೆಳಗೆ, ಕಾರ್ಡಿನ ತೂತಿಗೆ ಹಾಕಿಸಿದೆ.